ಸೋಫಾ ಆಮೇಲೆ, ಅಚ್ಚು ಮೊದಲು

ಮಗೂ, ನೀನು ವೀಲ್‌ಹೌಸು ಕೊಂಡೆ ಅಂತ ತಿಳಿದು ನನಗೆ ನಿಜಕ್ಕೂ ಖುಷಿಯಾಯಿತು. ಮಿನ್ನೆಸೋಟದ ಚಳಿಗೆ ಹೆದರಿ ಕಂಬಳಿ ಹೊದ್ದು ಕೂರುವ ನಮ್ಮ ಹುಡುಗರ ನಡುವೆ, ಹೆಪ್ಪುಗಟ್ಟಿದ ಕೆರೆಯ ಮೇಲಕ್ಕೆ ಮನೆ ಎಳೆದುಕೊಂಡು ಹೋಗಿ ಮೀನು ಹಿಡಿಯುತ್ತೇನೆ ಅನ್ನುವ ಹುಮ್ಮಸ್ಸು ನಿನಗೆ ಬಂತಲ್ಲ, ಅದು ಮೆಚ್ಚುವ ಮಾತೇ. ಮೊನ್ನೆ ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಸೋಫಾ ಇದೆ, ಟೀವಿ ಇದೆ, ಮಡಚುವ ಮಂಚ ಇದೆ, ನೆಲದ ತೂತುಗಳಿಗೆ ಚೆಂದದ ಮುಚ್ಚಳಗಳಿವೆ, ಕಿಟಕಿಗೆ ನಿಮ್ಮಮ್ಮ ಹೊಲಿದುಕೊಟ್ಟ ಪರದೆಯೂ ಇದೆ. ಚಕ್ರದ ಫೋಟೋ ಮಾತ್ರ ಒಂದೂ ಇಲ್ಲ. ಅಲ್ಲೇ ಸಿಕ್ಕಿಬಿದ್ದೆ ನೋಡು.

ಅದು ಮನೆ ಅನ್ನುವುದು ಎರಡನೆಯ ಮಾತು. ಮೊದಲಿಗೆ ಅದೊಂದು ಗಾಡಿ. ಮಿನಿಯಾಪೊಲಿಸ್‌ನಿಂದ 169ನೇ ಹೆದ್ದಾರಿ ಹಿಡಿದು ಮಿಲ್ ಲಾಕ್ಸ್ ಕೆರೆಗೆ ಹೋಗುವುದೇ ಸುಮಾರು ಎರಡು ತಾಸಿನ ದಾರಿ. ಕೆನಡಾ ಗಡಿಯ ಲೇಕ್ ಆಫ್ ದ ವುಡ್ಸ್‌ಗಾದರೆ ಅರ್ಧ ದಿನ. ರಸ್ತೆಯ ತುಂಬ ಹಿಮ ಕರಗಿಸಲು ಚೆಲ್ಲಿದ ಉಪ್ಪು. ಕೆರೆ ಮುಟ್ಟಿದ ಮೇಲೆ ವಿಂಚ್ ಬಿಟ್ಟರೆ ಚಕ್ರಗಳು ಮೇಲೆ ಸರಿದು, ಇಡೀ ಚೌಕಟ್ಟು ಮಂಜುಗಡ್ಡೆಯ ಮೇಲೆ ಕೂರುತ್ತದೆ. ಹೊರಡುವಾಗ ಅದೇ ಚಕ್ರಗಳನ್ನು ಕೆಳಗೊತ್ತಿ ಸೋಫಾ, ಟೀವಿ, ಒಲೆ, ಮಂಚ ಎಲ್ಲವನ್ನೂ ಎತ್ತಬೇಕು. ಅಷ್ಟು ಭಾರ ಹೊತ್ತು ತಿರುಗುವುದು ಅಚ್ಚಿನ ತೋಳಿನ ಬುಡದಲ್ಲಿರುವ ತಿರುಗಣಿ. ರಸ್ತೆಯಲ್ಲಿ ಭಾರ ಹೊರುವುದು ಚಕ್ರದ ನಡುವಿನ ಹಬ್ಬಿನೊಳಗಿನ ಬೇರಿಂಗು. ಎರಡೂ ಕಣ್ಣಿಗೆ ಬೀಳುವುದಿಲ್ಲ. ನಿನ್ನಂಥ ಆತುರದ ಹುಡುಗರಿಗೆ ಕಣ್ಣಿಗೆ ಬೀಳದ್ದು ಇಲ್ಲವೇ ಇಲ್ಲ!

ನಮ್ಮೂರಲ್ಲಿ ಕೀಲೆಣ್ಣೆ ಹಾಕದೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಗಾಡಿಯ ಕೆಳಗೆ ಬಿದಿರಿನ ಗೊಟ್ಟ ತೂಗುತ್ತಿತ್ತು, ಅದರಲ್ಲಿ ಎಣ್ಣೆ ಇರಲೇಬೇಕು. ಸಂತೆಗೆ ಹೋಗುವ ದಿನ ಮಾತ್ರವಲ್ಲ, ಹೊಳೆ ದಾಟಿ ಬಂದ ಸಂಜೆಯೂ ನಮ್ಮಜ್ಜ ಚಕ್ರ ಬಿಚ್ಚಿ, ಅಚ್ಚು ಒರೆಸಿ, ಹೊಸ ಎಣ್ಣೆ ಹಚ್ಚಿಯೇ ಊಟಕ್ಕೆ ಕೂರುತ್ತಿದ್ದರು. ಹೋಗುವ ಮುಂಚಿನ ಎಣ್ಣೆಯನ್ನು ಎಲ್ಲರೂ ಹಾಕುತ್ತಾರೆ. ಬಂದ ಮೇಲಿನ ಎಣ್ಣೆ ಹಾಕುವವನ ಗಾಡಿ ಬಾಳುತ್ತದೆ. ನಿನಗೆ ನಾನು ಹೇಳಬೇಕೆಂದಿರುವುದೂ ಇದನ್ನೇ.

ಇಲ್ಲಿ ಎಲ್ಲರೂ ಅಕ್ಟೋಬರ್‌ನಲ್ಲಿ ಗ್ರೀಸ್ ಗನ್ ಹುಡುಕುತ್ತಾರೆ. ಮೊದಲ ಹಿಮ ಬೀಳುವ ಮೊದಲು ಒಂದು ಸುತ್ತು ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಹಾಳಾಗುವ ಕಾಲ ಚಳಿಗಾಲವಲ್ಲ, ಬೇಸಿಗೆ. ಕೆಸರುಹಿಮದಲ್ಲಿ ಕೂತೆದ್ದ ತಿರುಗಣಿಯೊಳಗೆ ನೀರು ಸೇರಿರುತ್ತದೆ, ಜೊತೆಗೆ ರಸ್ತೆಯ ಉಪ್ಪು. ಮಾರ್ಚಿನಲ್ಲಿ ಮನೆಯನ್ನು ಹಿತ್ತಿಲಿಗೆ ತಳ್ಳಿ ಟಾರ್ಪಾಲು ಹೊದಿಸಿ ನೀನು ದೋಣಿಯ ಕನಸು ಕಾಣತೊಡಗುತ್ತೀಯ. ಆ ಉಪ್ಪುನೀರು ಮಾತ್ರ ಏಳು ತಿಂಗಳು ಒಳಗೇ ಕೂತು ಕಬ್ಬಿಣ ತಿನ್ನುತ್ತದೆ. ಅಕ್ಟೋಬರ್‌ನಲ್ಲಿ ನೀನು ಗ್ರೀಸು ಒತ್ತುವ ಹೊತ್ತಿಗೆ ತಿರುಗಣಿಯ ಪಿನ್ನು ಅದರ ಕೊಳವೆಗೆ ಕಚ್ಚಿಕೊಂಡಿರುತ್ತದೆ, ಗ್ರೀಸು ತುಂಬುವ ನಿಪ್ಪಲ್ಲು ಅದನ್ನು ಒಳಕ್ಕೆ ಬಿಡುವುದೇ ಇಲ್ಲ. ಆಮೇಲೆ ಸುತ್ತಿಗೆ, ಬೆಂಕಿ, ಬೈಗುಳ. ಅದಕ್ಕೇ ಹೇಳುತ್ತೇನೆ, ಎರಡರಲ್ಲಿ ಒಂದೇ ಸಲ ಗ್ರೀಸು ಹಾಕುವಷ್ಟು ಸೋಮಾರಿತನ ನಿನಗಿದ್ದರೆ ಆ ಒಂದು ಸಲ ಮಾರ್ಚಿನಲ್ಲಿರಲಿ.

ಗ್ರೀಸು ಹಾಕುವ ಕ್ರಮವೂ ಇದೆ. ಮೊದಲು ಚೌಕಟ್ಟಿನ ಅಡಿಯನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೆ. ಆದರೆ ರಭಸದ ನೀರನ್ನು ಹಬ್ಬಿನ ಸೀಲಿಗೆ ನೇರ ಬಿಡಬೇಡ, ಒಳಗೆ ನುಗ್ಗುತ್ತದೆ. ಒಣಗಿದ ಮೇಲೆ ಒಂದೊಂದು ನಿಪ್ಪಲ್ಲನ್ನೂ ಬಟ್ಟೆಯಿಂದ ಒರೆಸು. ಒರೆಸದೆ ಗನ್ ಹಚ್ಚಿದರೆ ಹೊರಗಿನ ಮರಳನ್ನು ನೀನೇ ಕೈಯಾರೆ ಒಳಗೆ ತಳ್ಳಿದಂತೆ. ತಿರುಗಣಿಯ ಮೇಲೆ ಮನೆಯ ಭಾರ ಇರುವಾಗ ಒತ್ತಿದ ಗ್ರೀಸು ಸಡಿಲವಿರುವ ಮಗ್ಗುಲಿಗಷ್ಟೇ ಹೋಗುತ್ತದೆ. ಉಜ್ಜಾಡುವ ಮಗ್ಗುಲು ಒಣಗಿಯೇ ಉಳಿಯುತ್ತದೆ. ಹಾಗಾಗಿ ಚೌಕಟ್ಟಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಭಾರ ಇಳಿಸು. ಬರೀ ಜಾಕ್ ನಂಬಿ ಅಡಿಗೆ ತಲೆ ಹಾಕೀಯೆ, ಹುಷಾರು. ಒಂದಷ್ಟು ಒತ್ತು, ಚಕ್ರದ ತೋಳನ್ನು ಪೂರ್ತಿ ಏರಿಸಿ ಇಳಿಸು, ಮತ್ತೆ ಒತ್ತು. ಹಳೆಯದು ಹೊರಬರುವುದನ್ನು ನೋಡು. ಹಾಲು ಬೆರೆಸಿದಂತೆ ಬೆಳ್ಳಗೆ ಬಂದರೆ ನೀರು ಸೇರಿದೆ ಅಂತ ಅರ್ಥ. ಹೊಸ ಗ್ರೀಸಿನ ಬಣ್ಣ ಕಾಣುವವರೆಗೂ ಬಿಡಬೇಡ. ಇಲ್ಲಿ ಜಿಪುಣತನ ಬೇಡವೇ ಬೇಡ. ನಿಪ್ಪಲ್ಲು ಕಟ್ಟಿದ್ದರೆ ಬಿಚ್ಚಿ ಹೊಸದು ಹಾಕು, ಒಂದು ಚಹಾದ ದುಡ್ಡೂ ಆಗುವುದಿಲ್ಲ.

ಹಬ್ಬಿನ ವಿಷಯ ಉಲ್ಟಾ. ಅಲ್ಲಿ ಧಾರಾಳತನವೇ ಅಪಾಯ. ರಬ್ಬರು ಮುಚ್ಚಳ ತೆಗೆದರೆ ಕೆಲವು ಹಬ್ಬುಗಳಲ್ಲಿ ನಿಪ್ಪಲ್ಲು ಕಾಣುತ್ತದೆ. ಚಕ್ರವನ್ನು ನೆಲದಿಂದ ಎತ್ತಿ, ಒಂದು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ನಿಧಾನ ಒತ್ತಬೇಕು. ನಿನ್ನ ಬ್ಯಾಟರಿ ಗನ್ನು ಹಿಡಿದು ಒಂದೇ ಉಸಿರಿಗೆ ತುಂಬಿಸಿದೆಯೋ, ಹಿಂದಿನ ಸೀಲು ಹರಿದು ಗ್ರೀಸೆಲ್ಲ ಬ್ರೇಕಿಗೆ ಬಳಿದುಕೊಳ್ಳುತ್ತದೆ. ಬ್ರೇಕು ಹಿಡಿಯದ ಗಾಡಿಯನ್ನು ಹಿಂದೆ ಕಟ್ಟಿಕೊಂಡು ಜಾರುವ ರಸ್ತೆಯಲ್ಲಿ ಎಲ್ಲಿಗೆ ಹೋಗುತ್ತೀಯ? ನಿಪ್ಪಲ್ಲು ಇದೆ ಅಂದಮಾತ್ರಕ್ಕೆ ಬೇರಿಂಗು ಬಿಚ್ಚಿ ನೋಡುವುದು ತಪ್ಪುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚು. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಒಣಗಿಸಿ ರೋಲರುಗಳನ್ನು ಬೆಳಕಿಗೆ ಹಿಡಿ. ನೀಲಿಗಟ್ಟಿದ್ದರೆ ಅದು ಕಾದಿದೆ, ಚುಕ್ಕಿ ಬಿದ್ದಿದ್ದರೆ ತುಕ್ಕು ತಿಂದಿದೆ. ಎರಡರಲ್ಲಿ ಯಾವುದಿದ್ದರೂ ಹೊಸ ಬೇರಿಂಗು, ಜೊತೆಗೆ ಹೊಸ ಹೊರಬಳೆ, ಹೊಸ ಸೀಲು. ಅಂಗೈಯಲ್ಲಿ ಗ್ರೀಸಿಟ್ಟುಕೊಂಡು ಬೇರಿಂಗಿನ ಅಗಲ ಬಾಯನ್ನು ಅದಕ್ಕೆ ಒತ್ತೊತ್ತಿ, ಇನ್ನೊಂದು ಬದಿಯಿಂದ ಉಕ್ಕುವ ತನಕ ತುಂಬು. ಕೈ ಹೊಲಸಾಗುತ್ತದೆ. ಆಗಲಿ, ಸೋಪಿದೆ. ಕೂಡಿಸುವಾಗ ಕಾಟರ್ ಪಿನ್ನು ಹೊಸದೇ ಹಾಕು. ಒಮ್ಮೆ ಬಗ್ಗಿಸಿದ್ದನ್ನು ಮತ್ತೆ ನೆಟ್ಟಗೆ ಮಾಡಿ ಹಾಕುವ ಉಳಿತಾಯ ನಮಗೆ ಬೇಡ.

ಯಾವ ಗ್ರೀಸು ಅಂತ ಕೇಳುತ್ತೀಯ. ನಂಬರ್ 2 ದಪ್ಪದ್ದು, ನೀರಿಗೆ ತೊಳೆದುಹೋಗದಂಥದ್ದು, ಚಳಿಗೆ ಕಲ್ಲಾಗದ ಸಿಂಥೆಟಿಕ್ ಆದರೆ ಇನ್ನೂ ಒಳ್ಳೆಯದು. ಒಂದನ್ನು ಆರಿಸಿಕೊಂಡ ಮೇಲೆ ಅದಕ್ಕೇ ಅಂಟಿಕೋ. ಲಿಥಿಯಂ ಗ್ರೀಸಿರುವ ಕಡೆ ಪಾಲಿಯೂರಿಯಾ ಗ್ರೀಸು ಬೆರೆಸಿದರೆ ಎರಡೂ ಕೆಟ್ಟು ನೀರಾಗಿ ಸೋರುವುದುಂಟು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಣ್ಣ ಬಣ್ಣದ ಡಬ್ಬಿ ತರಬೇಡ.

ಹೊರಟ ದಿನ ಅರ್ಧ ತಾಸು ಓಡಿಸಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸು. ಕಾಫಿಗೆ ಓಡುವ ಮೊದಲು ಎರಡೂ ಹಬ್ಬುಗಳ ಹತ್ತಿರ ಕೈ ಒಯ್ದು ನೋಡು. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾಗದಷ್ಟು ಬಿಸಿ ಅಂದರೆ ಅಲ್ಲಿಂದ ಮುಂದೆ ಹೋಗುವ ಮಾತಿಲ್ಲ. ಚಕ್ರದ ನಟ್ಟುಗಳನ್ನೂ ಅಲ್ಲೇ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿ ನೋಡು. ಡಿಸೆಂಬರ್‌ನಲ್ಲಿ ಮೀನಿನ ಆಸೆಗೆ ಓಡಿದವರು ರಸ್ತೆ ಬದಿಯಲ್ಲಿ ಹೊಗೆಯಾಡುವ ಹಬ್ಬಿನ ಪಕ್ಕ ಕೈ ಹಿಸುಕಿಕೊಂಡು ನಿಂತಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರೆಲ್ಲ ಕೆಟ್ಟವರಲ್ಲ, ಆತುರದವರು.

ವಿಂಚಿನ ಹತ್ತಿರ ಮಾತ್ರ ತುಂಟಾಟ ಸಲ್ಲದು. ಹಿಡಿ ಕೈಲಿಲ್ಲದೆ ಕಚ್ಚು ಬಿಡಿಸಿದರೆ ಅದು ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಕೇಬಲ್ಲಿನ ಒಂದೆಳೆ ಕಿತ್ತು ನಿಂತಿದ್ದರೂ ಇಡೀ ಕೇಬಲ್ ಬದಲಿಸು. ವಿಂಚಿನ ಬದಲು ಹೈಡ್ರಾಲಿಕ್ ಇದ್ದರೂ ರಸ್ತೆಗಿಳಿಯುವ ಮುನ್ನ ಚಕ್ರದ ತೋಳಿಗೆ ಲಾಕ್ ಪಿನ್ನು ಹಾಕಲೇಬೇಕು. ಭಾರ ಹೊರಬೇಕಾದದ್ದು ಆ ಪಿನ್ನು, ಕೇಬಲ್ಲೂ ಅಲ್ಲ, ಎಣ್ಣೆಯೂ ಅಲ್ಲ. ಪಿನ್ನು ಹಾಕಿದೆನೋ ಇಲ್ಲವೋ ಅಂತ ಸ್ಟೀರಿಂಗ್ ಮುಂದೆ ಕೂತು ನೆನಪಿಸಿಕೊಳ್ಳಬೇಡ, ಇಳಿದು ಹೋಗಿ ನೋಡು.

ಕೆರೆಯ ಮೇಲೆ ಮನೆ ಇಳಿಸುವಾಗ ಚೌಕಟ್ಟಿನ ಕೆಳಗೆ ಹಲಗೆ ಕೊಡು. ಮನೆಯ ಭಾರಕ್ಕೆ, ಹಿಮದ ಭಾರಕ್ಕೆ ಮಂಜುಗಡ್ಡೆ ತಗ್ಗಿ ನೀರು ಮೇಲೆ ಬರುತ್ತದೆ, ರಾತ್ರಿ ಬೆಳಗಾಗುವುದರಲ್ಲಿ ಚೌಕಟ್ಟನ್ನು ಕಚ್ಚಿ ಹಿಡಿಯುತ್ತದೆ. ಹಾಗಾದಾಗ ವಿಂಚಿನ ಮೇಲೆ ಬಲ ತೋರಿಸುವ ಬದಲು ಕೂತು ಸುತ್ತಲಿನ ಗಡ್ಡೆಯನ್ನು ಕೆತ್ತು. ಹೆದ್ದಾರಿಯಿಂದ ಬಿಸಿಯಾಗಿ ಬಂದ ಹಬ್ಬನ್ನು ಕೂಡಲೇ ಕೆಸರುಹಿಮಕ್ಕೆ ಇಳಿಸಲೂಬೇಡ. ತಟ್ಟನೆ ತಣ್ಣಗಾದರೆ ಅದು ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ತೂತು ಕೊರೆಯುವವರೆಗೆ ಆರಲಿ.

ಇಷ್ಟೆಲ್ಲ ಮಾಡಿಯೂ ಗಡ್ಡೆ ಅಳೆಯದೆ ಹೋದರೆ ಏನೂ ಪ್ರಯೋಜನವಿಲ್ಲ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ನಡೆದು ಹೋಗಲು 4 ಇಂಚು ಸಾಕು ಅನ್ನುತ್ತದೆ, ನಿನ್ನ ಟ್ರಕ್ಕೂ ವೀಲ್‌ಹೌಸೂ ಸೇರಿ ಹೋಗಲು 20 ಇಂಚಿಗೂ ಮಿಕ್ಕಿರಬೇಕು. ಅದೂ ತಿಳಿಯಾದ ಹೊಸ ಗಡ್ಡೆಯ ಲೆಕ್ಕ. ಬಿಳಿಗಡ್ಡೆಯಾದರೆ ಅದರ ಇಮ್ಮಡಿ ಬೇಕು. ಪಕ್ಕದವನು ಹೋದ ಅನ್ನುವುದು ಅಳತೆಯಲ್ಲ.

ಮಾರ್ಚಿನಲ್ಲಿ ಕೆರೆಯಿಂದ ಮನೆ ತೆಗೆಯಲು ಕಾನೂನಿನ ಗಡುವಿದೆ. ರಾಜ್ಯದ ದಕ್ಷಿಣದಲ್ಲಿ ಮೊದಲ ಸೋಮವಾರ, ಉತ್ತರದಲ್ಲಿ ಮೂರನೆಯ ಸೋಮವಾರ. ನೀನು ಕೊನೆಯ ಸಂಜೆಯವರೆಗೂ ಕಾಯುವವನು ಅಂತ ಗೊತ್ತು. ಈ ಸಲ ಒಂದು ವಾರ ಮೊದಲೇ ಎಳೆದು ತಾ, ನೇರ ನಮ್ಮ ಹಿತ್ತಿಲಿಗೆ ತಂದು ನಿಲ್ಲಿಸು. ನೀರಿನ ಪೈಪೂ ಗ್ರೀಸ್ ಗನ್ನೂ ಸಿದ್ಧವಿರುತ್ತವೆ. ಹಳೆಯ ಅಂಗಿ ಹಾಕಿಕೊಂಡು ಬಾ, ಊಟ ಆಮೇಲೆ.