ಬೆರಳಿನ ನೆಟಿಗೆ: ಸದ್ದು ಎಲ್ಲಿಂದ?

ನಡುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ‘ಲಟಕ್’ ಎಂದಿತೇ? ಅದೇ ಬೆರಳನ್ನು ಈಗಲೇ ಮತ್ತೆ ಎಳೆದರೆ ಸದ್ದಿಲ್ಲ. ಸುಮಾರು 20 ನಿಮಿಷ ಕಾಯಬೇಕು. ಮೂಳೆಗೆ ಮೂಳೆ ತಗುಲಿ ಸದ್ದಾಗುವುದಾದರೆ ಎಳೆದಾಗಲೆಲ್ಲ ಕೇಳಿಸಬೇಕಿತ್ತಲ್ಲವೇ?

ಗೆಣ್ಣಿನಲ್ಲಿ ಎರಡು ಮೂಳೆಗಳ ತುದಿ ಕೂಡುವಲ್ಲಿ ಒಂದು ಪುಟ್ಟ ಚೀಲವಿದೆ. ಅದರೊಳಗೆ ಲೋಳೆಯಂಥ ಕೀಲುದ್ರವ, ದ್ರವದಲ್ಲಿ ಕರಗಿದ ಅನಿಲ. ಬೆರಳು ಎಳೆದಾಗ ಮೂಳೆಗಳು ತುಸು ದೂರ ಸರಿದು ಒಳಗಿನ ಒತ್ತಡ ಇಳಿಯುತ್ತದೆ. ಗೋಲಿಸೋಡದ ಗೋಲಿ ಒತ್ತಿದೊಡನೆ ಗುಳ್ಳೆಗಳು ಏಳುತ್ತವಲ್ಲ, ಹಾಗೆಯೇ ಇಲ್ಲೂ ಗುಳ್ಳೆ ಏಳುತ್ತದೆ. ಆ ಅನಿಲ ಮತ್ತೆ ದ್ರವದಲ್ಲಿ ಕರಗುವವರೆಗೆ ನೆಟಿಗೆ ಬರುವುದಿಲ್ಲ.

ಗುಳ್ಳೆ ಹುಟ್ಟುವಾಗ ಸದ್ದೋ, ಕುಸಿಯುವಾಗ ಸದ್ದೋ? ವಿಜ್ಞಾನಿಗಳು ದಶಕಗಳಿಂದ ಇಷ್ಟು ಸಣ್ಣ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಹುಟ್ಟುವಾಗ ಎಂದಿತು 1947ರ ಲಂಡನ್ನಿನ ಎಕ್ಸ್‌ರೇ ಅಧ್ಯಯನ. ಕುಸಿಯುವಾಗ ಎಂದರು 1971ರಲ್ಲಿ ಲೀಡ್ಸ್‌ನ ಸಂಶೋಧಕರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆಸಿ, ಸದ್ದಿನ ಗಳಿಗೆಯಲ್ಲಿ ಪೊಳ್ಳು ಮೂಡುವುದನ್ನು ಕಂಡರು. 2018ರ ಗಣಿತ ಮಾದರಿಯೊಂದು ಗುಳ್ಳೆ ಅರ್ಧಂಬರ್ಧ ಕುಸಿದರೂ ಸಾಕು, ಅಷ್ಟು ಸದ್ದು ಬರುತ್ತದೆ ಎಂದಿತು. ವಾದ ಇನ್ನೂ ಮುಗಿದಿಲ್ಲ.

ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಂಬ ಹೆದರಿಕೆಗೆ ಮಾತ್ರ ಆಧಾರ ಸಿಕ್ಕಿಲ್ಲ. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಎಡಗೈಯ ನೆಟಿಗೆಯನ್ನಷ್ಟೇ ದಿನಕ್ಕೆರಡು ಬಾರಿಯಾದರೂ ಮುರಿಯುತ್ತಾ ಬಂದರು. ಬಲಗೈಯನ್ನು ಹೋಲಿಕೆಗಾಗಿ ಬಿಟ್ಟಿದ್ದರು. 1998ರಲ್ಲಿ ಅವರು ಬರೆದ ಪ್ರಕಾರ ಎರಡೂ ಕೈಗಳಲ್ಲಿ ಸಂಧಿವಾತವಿರಲಿಲ್ಲ. ಒಬ್ಬರ ಕೈ ಪುರಾವೆಯಾಗದು, ನಿಜ. ಆದರೆ ಹಲವರ ಕೈಗಳ ಎಕ್ಸ್‌ರೇ ಹೋಲಿಸಿದ 2011ರ ಅಧ್ಯಯನದಲ್ಲೂ ನಂಟು ಕಾಣಲಿಲ್ಲ. 1990ರ ಒಂದು ಅಧ್ಯಯನ ಕೈ ಊತ, ಹಿಡಿತದ ಬಲ ಕುಂದುವುದನ್ನು ಹೇಳಿತ್ತು. ಮುಂದೆ ಪರೀಕ್ಷಿಸಿದವರಿಗೆ ಅದು ಕಾಣಲಿಲ್ಲ. ಮಗುವಿನ ದೃಷ್ಟಿ ತೆಗೆದು ನೆಟಿಗೆ ಮುರಿಯುವ ಅಜ್ಜಿಯರನ್ನು ತಡೆಯಬೇಕಿಲ್ಲ.

ಕೂತು ಏಳುವಾಗ ಮಂಡಿ, ತೋಳೆತ್ತುವಾಗ ಭುಜ ‘ಟಕ್’ ಎನ್ನುವುದು ಎಷ್ಟೋ ಸಲ ಸ್ನಾಯುರಜ್ಜು ಮೂಳೆಯ ಉಬ್ಬಿನ ಮೇಲಿಂದ ಜಾರಿದ್ದರಿಂದ. ನೋವಿಲ್ಲದಿದ್ದರೆ ಚಿಂತೆ ಬೇಡ. ಆದರೆ ಸದ್ದಿನ ಜತೆ ನೋವು, ಊತ ಇದ್ದರೆ, ಕೀಲು ಹಿಡಿದುಕೊಂಡರೆ, ಬಿದ್ದ ಮೇಲೆ ಸದ್ದು ಶುರುವಾಗಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮೂಳೆ ವೈದ್ಯರಿಗೆ ತೋರಿಸಿ.