ಮಿಸ್ಟಿಕ್‌ಗೆ ಹೋದರೆ ಮೊದಲು ಹಡಗುಕಟ್ಟೆ ನೋಡಿ

ಬಾಸ್ಟನ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಕ್ಕಳ ಮನೆಗೆ ಹೋಗುವ ಕನ್ನಡದ ಅಪ್ಪ-ಅಮ್ಮಂದಿರು ನಯಾಗರವನ್ನು ತಪ್ಪಿಸುವುದಿಲ್ಲ. ಮಿಸ್ಟಿಕ್ ಮಾತ್ರ ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕನೆಕ್ಟಿಕಟ್ ರಾಜ್ಯದ ಕಡಲಂಚಿನ ಈ ಪುಟ್ಟ ಊರು ನ್ಯೂಯಾರ್ಕ್–ಬಾಸ್ಟನ್ ರೈಲುದಾರಿಯಲ್ಲೇ ಇದೆ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ನಿಲ್ದಾಣದಿಂದ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರ.

1929ರಲ್ಲಿ ಶುರುವಾದ ಈ ಮ್ಯೂಸಿಯಂನ ಹಡಗುಗಳು ಒಂದು ಕಾಲದಲ್ಲಿ ಬೆವರು ಸುರಿಸಿ ದುಡಿದವು. ಬಂದವರೆಲ್ಲ ನೇರವಾಗಿ ದೊಡ್ಡ ಹಡಗಿನತ್ತ ಓಡುತ್ತಾರೆ. ಅದಕ್ಕಿಂತ ಮೊದಲು ದುರಸ್ತಿ ನಡೆಯುವ ಹಡಗುಕಟ್ಟೆಗೆ ಹೋಗುವುದು ಒಳ್ಳೆಯದು. ಮರದ ಹಡಗನ್ನು ಉಳಿಸುವುದೆಂದರೆ ಮುಗಿಯದ ಬಡಗಿ ಕೆಲಸ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. 2008ರಲ್ಲಿ ಐಕ್ ಚಂಡಮಾರುತ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಬಲಿ ತೆಗೆದುಕೊಂಡ ಓಕ್ ಮರಗಳು ಈ ಕಟ್ಟೆಗೆ ಬಂದು, ಆ ದೊಡ್ಡ ಹಡಗು ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್‌ನ ಮೈ ಸೇರಿದವು.

ಆ ಮಾರ್ಗನ್ನೇ ಇಲ್ಲಿನ ಹಿರಿಯಜ್ಜಿ. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ನೀರಿಗಿಳಿದು, 80 ವರ್ಷಗಳಲ್ಲಿ 37 ಬಾರಿ ತಿಮಿಂಗಿಲ ಬೇಟೆಗೆ ಹೋಗಿಬಂದ ಹಡಗು. ಅಂಥ ಮರದ ಬೇಟೆ ಹಡಗುಗಳಲ್ಲಿ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ. ಮೇಲ್ಗಟ್ಟೆಯಲ್ಲಿ ಇಟ್ಟಿಗೆಯ ಒಲೆ ಕಾಣುತ್ತದೆ. ಮರದ ಹಡಗಿನ ಮೇಲೆ ಬೆಂಕಿ! ಕೊಬ್ಬು ಕರಗಿಸಿ ಎಣ್ಣೆ ತೆಗೆಯುತ್ತಿದ್ದುದು ಅಲ್ಲೇ. ಎಣ್ಣೆ ಬಿಟ್ಟ ಕೊಬ್ಬಿನ ಚರಟವೇ ಸೌದೆ. ಮೇಲ್ಗಟ್ಟೆಗೆ ಕಾವು ತಾಗದಿರಲೆಂದು ಒಲೆಯಡಿ ನೀರು ತುಂಬಿಡುತ್ತಿದ್ದರು. ಬಗ್ಗಿ ಕೆಳಗಿಳಿದರೆ ನಾವಿಕರ ಇಕ್ಕಟ್ಟಾದ ಮಲಗುಗೂಡುಗಳು. ಹಿಂಭಾಗದಲ್ಲಿ ಕಪ್ತಾನನ ಕೋಣೆ, ಅದರಲ್ಲಿ ಹಡಗು ಹೊರಳಿದರೂ ಮಟ್ಟವಾಗಿರುವ ತೂಗುಮಂಚ. ಎರಡನ್ನೂ ನೋಡಿದವರಿಗೆ ಯಜಮಾನ ಯಾರು, ಆಳು ಯಾರು ಎಂದು ಹೇಳಿಕೊಡಬೇಕಾಗಿಲ್ಲ.

ತಿಮಿಂಗಿಲದ ಕೊಲೆಯನ್ನು ವೀರಗಾಥೆ ಮಾಡುವ ಅಪಾಯ ಇಂಥ ಕಡೆ ಇದ್ದೇ ಇರುತ್ತದೆ. ಮ್ಯೂಸಿಯಂ ಅದಕ್ಕೆ ಚೆಂದದ ಉತ್ತರ ಕೊಟ್ಟಿದೆ. ದುರಸ್ತಿ ಮುಗಿಸಿ 2013ರಲ್ಲಿ ಮತ್ತೆ ನೀರಿಗಿಳಿದ ಮಾರ್ಗನ್, 2014ರಲ್ಲಿ 38ನೇ ಯಾನಕ್ಕೆ ಹೊರಟಿತು. ಈ ಸಲ ಈಟಿಯಿಲ್ಲ. ಸ್ಟೆಲ್‌ವ್ಯಾಗನ್ ಬ್ಯಾಂಕ್ ರಕ್ಷಿತ ಕಡಲಿನಲ್ಲಿ ತಿಮಿಂಗಿಲಗಳನ್ನು ನೋಡಿ ಬಂದದ್ದಷ್ಟೇ.

ಸಮಯವಿದ್ದರೆ 1866ರ ಮೀನುದೋಣಿ ಎಮ್ಮಾ ಸಿ. ಬೆರ್ರಿಯನ್ನೂ ನೋಡಬಹುದು. 1908ರ ಉಗಿದೋಣಿ ಸಬೀನೊ ಬೆಚ್ಚನೆಯ ತಿಂಗಳುಗಳಲ್ಲಿ ಜನರನ್ನು ಪಕ್ಕದ ನದಿಯಲ್ಲಿ ಸುತ್ತಾಡಿಸುತ್ತದೆ. ಯಾವ ಹಡಗು ಯಾವಾಗ ದುರಸ್ತಿಗೆ ಹೋಗುತ್ತದೋ ಹೇಳಲಾಗದು, ಹೊರಡುವ ಮುನ್ನ ವಿಚಾರಿಸಿಕೊಂಡರೆ ನಿರಾಸೆ ತಪ್ಪುತ್ತದೆ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹೋಗುವುದು ಸೂಕ್ತ. ಚಳಿಗಾಲದಲ್ಲಿ ನದಿಯ ಗಾಳಿ ಕೊರೆಯುತ್ತದೆ. ಹಡಗಿನ ಏಣಿಗಳು ಕಡಿದಾಗಿರುವುದರಿಂದ ಸೀರೆಗಿಂತ ಚೂಡಿದಾರ, ಚಪ್ಪಲಿಗಿಂತ ಹಿಡಿತವಿರುವ ಶೂ ವಾಸಿ. ಮಂಡಿನೋವಿನವರು ಮೇಲ್ಗಟ್ಟೆ ಮತ್ತು ಹಡಗುಕಟ್ಟೆಯನ್ನಷ್ಟೇ ನೋಡಿದರೂ ನಷ್ಟವಿಲ್ಲ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗಲಿ. ಸುತ್ತಲ ಹೋಟೆಲುಗಳಲ್ಲಿ ಸಿಗುವ ‘ಚೌಡರ್’ ಎಂಬ ಬಿಳಿ ಸೂಪಿನಲ್ಲಿ ಚಿಪ್ಪುಮೀನು ಇರುತ್ತದೆ.