ಆಹಾರ ಪಾಠಕ್ಕೆ ಸೇರುವ ಮುನ್ನ

ಹೋದ ತಿಂಗಳು ತಾಯಿ, ಮಗಳು ಇಬ್ಬರೂ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ತಾಯಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆಯ ಚೀಟಿ ನೋಡಿ ಮುಗಿದ ಮೇಲೆ, ಬಿ.ಕಾಂ. ಓದಿರುವ ಮಗಳು ಚೀಲದಿಂದ ಬಣ್ಣದ ಕರಪತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಆರು ತಿಂಗಳ ‘ನಿಸರ್ಗ ಆಹಾರ’ ಕೋರ್ಸ್, ಶುಲ್ಕ 40 ಸಾವಿರ ರೂಪಾಯಿ, ಕೊನೆಗೊಂದು ಪ್ರಮಾಣಪತ್ರ.

“ಮಗು ಶಾಲೆಗೆ ಹೋಗ್ತಿದೆ ಡಾಕ್ಟ್ರೇ, ಈಗ ನನಗೆ ಬಿಡುವಿದೆ. ಕಲಿತರೆ ಅಮ್ಮನಿಗೂ ಉಪಯೋಗ ಆಗುತ್ತೆ. ನೀವು ಇಂಗ್ಲಿಷ್ ಔಷಧಿಯವರು, ಬೇಡ ಅಂತೀರಿ ಅಂತ ಅಮ್ಮ ಹೇಳ್ತಿದ್ದಾರೆ” ಎಂದರು.

ನಾನು ಬೇಡ ಎನ್ನಲಿಲ್ಲ. ಇಂಥ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ, ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಜನ ಬೇರೆ ದಾರಿ ಹುಡುಕುವುದೇಕೆ?

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಎಂ.ಬಿ.ಬಿ.ಎಸ್. ಓದುವಾಗ ನಮಗೆ ಆಹಾರದ ವಿಷಯ ಕಲಿಸಿದ್ದು ಬಹಳ ಕಡಿಮೆ. ವಿಟಮಿನ್ನುಗಳ ಕೊರತೆಯ ಕಾಯಿಲೆಗಳನ್ನು ಬಾಯಿಪಾಠ ಮಾಡಿದೆವು; ಮುದ್ದೆ ಉಣ್ಣುವ ಮನೆಯವರಿಗೂ ಅನ್ನ ಉಣ್ಣುವ ಮನೆಯವರಿಗೂ ಪಥ್ಯ ಹೇಗೆ ಹೇಳಬೇಕೆಂದು ಯಾರೂ ಹೇಳಿಕೊಡಲಿಲ್ಲ. “ಏನು ತಿನ್ನಲಿ ಡಾಕ್ಟ್ರೇ?” ಎಂದು ರೋಗಿ ಕೇಳಿದರೆ, ಹೊರಗೆ ಕಾಯುತ್ತಿರುವವರ ನೆನಪಾಗಿ “ಸಿಹಿ, ಉಪ್ಪು, ಎಣ್ಣೆ ಕಡಿಮೆ ಮಾಡಿ” ಎಂದು ಮುಗಿಸಿಬಿಡುತ್ತೇವೆ. ಹೀಗಿರುವಾಗ ಕೂರಿಸಿಕೊಂಡು ಒಂದು ಗಂಟೆ ಆಹಾರದ ಬಗ್ಗೆ ಮಾತನಾಡುವವರ ಕಡೆ ಜನ ಹೋದರೆ ಆಶ್ಚರ್ಯವಿಲ್ಲ.

ಅಲ್ಲದೆ, ಇಂದಿನ ಪೌಷ್ಟಿಕಾಂಶ ವಿಜ್ಞಾನದ ಒಂದು ಮುಖ್ಯ ಪಾಠ ಅಂದಿನ ವೈದ್ಯರ ನಂಬಿಕೆಗೆ ವಿರುದ್ಧವಾಗಿಯೇ ಹುಟ್ಟಿತು. ಬೆರಿಬೆರಿ ರೋಗಕ್ಕೆ ರೋಗಾಣುವೇ ಕಾರಣ ಎಂದು ಅನೇಕರು ನಂಬಿದ್ದ ಕಾಲದಲ್ಲಿ ಡಚ್ ವೈದ್ಯ ಐಕ್‌ಮನ್ ಜಾವಾ ದ್ವೀಪದಲ್ಲಿ ಕೋಳಿಗಳನ್ನು ಗಮನಿಸುತ್ತಿದ್ದರು. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುತ್ತಿತ್ತು. ತೌಡು ಇರುವ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಈ ಕೆಲಸಕ್ಕೆ 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲೂ 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಪುಟ್ಟ ಕೊಠಡಿಯೊಂದರಲ್ಲಿ ಬೆರಿಬೆರಿ ಅಧ್ಯಯನ ಆರಂಭಿಸಿದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ.

ಆದ್ದರಿಂದ ಒಂದು ಪಾಠ ಮುಖ್ಯ ದಾರಿಯ ಹೊರಗಿದೆ ಎಂದ ಮಾತ್ರಕ್ಕೆ ತಪ್ಪಲ್ಲ, ಹೊರಗಿದೆ ಎಂದ ಮಾತ್ರಕ್ಕೆ ಸರಿಯೂ ಅಲ್ಲ. ಐಕ್‌ಮನ್ ತಮ್ಮ ಅನುಮಾನವನ್ನು ಪರೀಕ್ಷೆಗೆ ಒಡ್ಡಿದರು ಎಂಬುದೇ ಮುಖ್ಯ.

ಯಾವ ಯಾವ ದಾರಿಗಳಿವೆ?

ಗೃಹವಿಜ್ಞಾನ ಅಥವಾ ಆಹಾರ ವಿಜ್ಞಾನದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವುದು ರೂಢಿಯ ದಾರಿ. ಮನೆಯಲ್ಲಿದ್ದೇ ಓದುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೌಷ್ಟಿಕತೆಯ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಪ್ರಕೃತಿ ಚಿಕಿತ್ಸೆಯಲ್ಲಿ ಆಸಕ್ತಿ ಇದ್ದರೆ ಅದಕ್ಕೂ ಪದವಿಯೇ ಇದೆ: ನಾಲ್ಕೂವರೆ ವರ್ಷ ಓದು, ಒಂದು ವರ್ಷ ತರಬೇತಿ. ಉಜಿರೆಯಲ್ಲಿ 1989ರಿಂದಲೇ ಇಂಥ ಕಾಲೇಜು ನಡೆಯುತ್ತಿದೆ. ಅಲ್ಲಿ ಶರೀರ ರಚನೆ, ಶರೀರ ಕ್ರಿಯೆ, ರೋಗ ಲಕ್ಷಣ ಎಲ್ಲವನ್ನೂ ಓದಬೇಕು. ಕೊನೆಯದು ಖಾಸಗಿ ಶಿಬಿರಗಳು, ವಾರಾಂತ್ಯದ ತರಗತಿಗಳು, ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಕೋರ್ಸುಗಳು. ಒಳ್ಳೆಯದೂ ಕೆಟ್ಟದ್ದೂ ಬೆರೆತಿರುವುದು ಹೆಚ್ಚಾಗಿ ಈ ಗುಂಪಿನಲ್ಲೇ.

ಹಣ ಕಟ್ಟುವ ಮುನ್ನ ಈ ಐದು ಪ್ರಶ್ನೆ ಕೇಳಿ

1. ಕಲಿಸುವವರು ಏನು ಓದಿದ್ದಾರೆ, ಎಲ್ಲಿ? ಅವರ ಸ್ವಂತ ಕಾಯಿಲೆ ವಾಸಿಯಾದ ಕಥೆ ಎಷ್ಟೇ ಚೆನ್ನಾಗಿದ್ದರೂ ಈ ಪ್ರಶ್ನೆಗೆ ಅದು ಉತ್ತರವಲ್ಲ.

2. ಈ ಪ್ರಮಾಣಪತ್ರ ಹಿಡಿದು ಏನು ಮಾಡಬಹುದು? ಮನೆಯವರಿಗೆ ಒಳ್ಳೆಯ ಅಡುಗೆ ಮಾಡುವುದಕ್ಕೆ ಯಾವ ಪತ್ರವೂ ಬೇಡ. ರೋಗಿಗಳಿಗೆ ಪಥ್ಯ ಹೇಳುವ ಉದ್ಯೋಗದ ಮಾತೇ ಬೇರೆ. ಆರೋಗ್ಯ ಸೇವೆಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಪಥ್ಯಾಹಾರ ತಜ್ಞರೂ ಸೇರಿದ್ದಾರೆ. ಉದ್ಯೋಗದ ಆಸೆ ಇದ್ದವರು ಕೋರ್ಸಿನ ಮಾನ್ಯತೆ ವಿಚಾರಿಸದೆ ಸೇರಬಾರದು.

3. ಪಾಠದಲ್ಲಿ ಬಿ12 ವಿಟಮಿನ್ ಇದೆಯೇ? ಹಾಲು, ಮೊಸರು, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಡಿಸುವ ಕೋರ್ಸಾದರೆ ಇದನ್ನು ಕೇಳಲೇಬೇಕು. ಸೊಪ್ಪು, ಕಾಳು, ಹಣ್ಣುಗಳಿಂದ ಬಿ12 ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಇದರಲ್ಲೊಂದು ಮೋಸವಿದೆ. ಯಕೃತ್ತಿನಲ್ಲಿ ಬಿ12 ಕೆಲವು ವರ್ಷಗಳಿಗಾಗುವಷ್ಟು ಶೇಖರವಾಗಿರುತ್ತದೆ. ಆಹಾರ ಬದಲಿಸಿದ ಮೂರು ತಿಂಗಳಿಗೆ ಮೈ ಹಗುರವಾಗಿ, ಗುರುಗಳ ಮಾತು ನಿಜ ಎನಿಸುತ್ತದೆ. ಕಾಲು ಜೋಮು, ನಾಲಗೆ ಉರಿ, ರಕ್ತಹೀನತೆ ಕಾಣಿಸಿಕೊಳ್ಳುವುದು ವರ್ಷಗಳ ನಂತರ. ಅಷ್ಟರಲ್ಲಿ ಕೋರ್ಸ್ ಮುಗಿದು, ತಪ್ಪು ಎಲ್ಲಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

4. ಈ ಆಹಾರ ಯಾರಿಗೆ ಆಗದು? ಎಲ್ಲರಿಗೂ ಆಗುತ್ತದೆ ಎಂದರೆ ಎದ್ದು ಬನ್ನಿ. ಎಳನೀರು, ಹಣ್ಣಿನ ರಸ ನಮಗೆ ನಿಮಗೆ ಒಳ್ಳೆಯದು. ಮೂತ್ರಪಿಂಡ ಸೋತವರಲ್ಲಿ ಅದರ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಹುದು. ಸೋರೆಕಾಯಿ ರಸ ಕುಡಿದು ಸಾವು ಸಂಭವಿಸಿದ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಬೇಕಾಯಿತು. ರಸ ಕಹಿಯಾಗಿದ್ದರೆ ಕುಡಿಯಲೇಬಾರದು ಎಂದು ಸಮಿತಿ ಎಚ್ಚರಿಸಿತು. ನಿಸರ್ಗದ್ದೆಲ್ಲ ನಿರಪಾಯವಲ್ಲ.

5. ಪಾಠದ ಜೊತೆಗೆ ಏನನ್ನಾದರೂ ಮಾರುತ್ತಾರೆಯೇ? ಪುಡಿ, ಡಬ್ಬ, ಬಾಟಲಿಗಳನ್ನು ಕೊಳ್ಳಲೇಬೇಕು, ನಾಲ್ಕು ಜನರಿಗೆ ಮಾರಲೇಬೇಕು ಎಂದರೆ ಅದು ಪಾಠಶಾಲೆಯಲ್ಲ, ಅಂಗಡಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ

ಹಲವು ವರ್ಷಗಳ ಹಿಂದೆ ಒಂದು ರಾತ್ರಿ ಹದಿನಾರರ ಹುಡುಗನೊಬ್ಬನನ್ನು ನನ್ನಲ್ಲಿಗೆ ಎತ್ತಿಕೊಂಡು ಬಂದರು. ವಾಂತಿ, ಮಂಪರು, ಉದ್ದುದ್ದ ಉಸಿರು. ಅವನಿಗಿದ್ದದ್ದು ಚಿಕ್ಕ ವಯಸ್ಸಿನಲ್ಲೇ ಬರುವ ಬಗೆಯ ಸಕ್ಕರೆ ಕಾಯಿಲೆ. ಅದರಲ್ಲಿ ದೇಹ ಇನ್ಸುಲಿನ್ ತಯಾರಿಸುವುದೇ ಇಲ್ಲ; ಹೊರಗಿನಿಂದ ಕೊಡಲೇಬೇಕು. ತಂದೆ ಯಾವುದೋ ಆಹಾರ ಶಿಬಿರಕ್ಕೆ ಹೋಗಿ ಬಂದು, ಇಂಜೆಕ್ಷನ್ ನಿಲ್ಲಿಸಿ, ಹಸಿ ತರಕಾರಿ ಶುರು ಮಾಡಿದ್ದರು. ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಹುಡುಗ ಬದುಕಿದ. ತಂದೆ ಅಂದು ಬಾಗಿಲ ಬಳಿ ನಿಂತು, “ಮಗನಿಗೆ ದಿನಾ ಸೂಜಿ ಚುಚ್ಚೋದು ನೋಡೋಕಾಗಲಿಲ್ಲ ಸಾರ್” ಎಂದರು. ಅವರನ್ನು ಬಯ್ಯುವ ಮನಸ್ಸಾಗಲಿಲ್ಲ. ತರಕಾರಿ ತಿನ್ನಿಸಿದ್ದು ತಪ್ಪಲ್ಲ. ಆಹಾರದ ಪಾಠ ಎಲ್ಲಿ ಮುಗಿದು ವೈದ್ಯನ ಕೆಲಸ ಎಲ್ಲಿ ಶುರುವಾಗುತ್ತದೆ ಎಂದು ಆ ಶಿಬಿರದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಕೊನೆಯದಾಗಿ ಇದನ್ನು ಕೇಳಿ: “ನಡೆಯುತ್ತಿರುವ ಔಷಧಿಯನ್ನು ಏನು ಮಾಡಬೇಕು?” “ನಿಲ್ಲಿಸಿ” ಎಂದರೆ ಶುಲ್ಕ ಎಷ್ಟೇ ಕಡಿಮೆ ಇರಲಿ, ಸೇರಬೇಡಿ. “ನಿಮ್ಮ ವೈದ್ಯರನ್ನು ಕೇಳಿ, ರಕ್ತ ಪರೀಕ್ಷೆ ಮಾಡಿಸುತ್ತಿರಿ, ಅವರೇ ಕಡಿಮೆ ಮಾಡಲಿ” ಎಂದರೆ ಅವರ ಮಾತನ್ನು ಕೇಳಬಹುದು. ಒಳ್ಳೆಯ ಆಹಾರ, ತೂಕ ಇಳಿಕೆಯಿಂದ ದೊಡ್ಡವರ ಸಕ್ಕರೆ ಕಾಯಿಲೆಯಲ್ಲಿ ಮಾತ್ರೆ ಕಡಿಮೆ ಮಾಡಿದ ರೋಗಿಗಳು ನನ್ನಲ್ಲೇ ಇದ್ದಾರೆ.

ಎರಡು ವಾರ ಬಿಟ್ಟು ಮಗಳು ಮತ್ತೆ ಬಂದಿದ್ದರು. ಆ ಸಂಸ್ಥೆಯವರು ಮೊದಲೆರಡು ಪ್ರಶ್ನೆಗಳಿಗೆ ಉತ್ತರಿಸಿ, ಬಿ12 ಎಂದ ಕೂಡಲೇ “ನಿಮಗೆ ನಿಸರ್ಗದ ಮೇಲೆ ನಂಬಿಕೆ ಇಲ್ಲ” ಎಂದರಂತೆ. ಅವರೀಗ ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತರಿಸಿದ್ದಾರೆ. “ಅದು ಮುಗಿಸಿದ ಮೇಲೆ ನಿಸರ್ಗ ಆಹಾರದ ಅಡುಗೆಯನ್ನೂ ಕಲೀತೀನಿ ಡಾಕ್ಟ್ರೇ” ಎಂದರು. ಖಂಡಿತ ಕಲಿಯಿರಿ ಎಂದೆ. ತಾಯಿ ಮಾತ್ರ, “ಅಲ್ಲಿವರೆಗೆ ನನ್ನ ಮಾತ್ರೆ ನಡೀಲಿ ಬಿಡಿ” ಎಂದು ನಕ್ಕರು.